ಎರಡು ವರ್ಷದ ವಿಜ್ಞಾನ ಪದವಿ: ವಿಶ್ವವಿದ್ಯಾಲಯಕ್ಕೆ ಅರ್ಧ ದಾರಿ

ಅಮೆರಿಕದಲ್ಲಿ ಹೈಸ್ಕೂಲು ಮುಗಿಸಿದವರೆಲ್ಲರೂ ನೇರವಾಗಿ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತುವುದಿಲ್ಲ. ಲಕ್ಷಾಂತರ ವಿದ್ಯಾರ್ಥಿಗಳು ಮನೆಗೆ ಸಮೀಪದ ಕಮ್ಯೂನಿಟಿ ಕಾಲೇಜಿಗೆ ಸೇರಿ, ಕಡಿಮೆ ಶುಲ್ಕದಲ್ಲಿ ಮೊದಲ ಎರಡು ವರ್ಷದ ಪಾಠಗಳನ್ನು ಮುಗಿಸಿಕೊಂಡು, ಬಳಿಕ ವಿಶ್ವವಿದ್ಯಾಲಯದ ಮೂರನೇ ವರ್ಷಕ್ಕೆ ವರ್ಗಾವಣೆ ಪಡೆಯುತ್ತಾರೆ. ವಿಜ್ಞಾನ ವಿಷಯಗಳಲ್ಲಿ ಹೀಗೆ ಅರ್ಧ ದಾರಿ ಕ್ರಮಿಸಿದವರಿಗೆ ಕಾಲೇಜು ನೀಡುವ ಪದವಿಯೇ 'ಅಸೋಸಿಯೇಟ್ ಆಫ್ ಸೈನ್ಸ್'. ಸಂಕ್ಷಿಪ್ತವಾಗಿ ಇದನ್ನು ಎ.ಎಸ್. ಪದವಿ ಎನ್ನುತ್ತಾರೆ.

ಕಾಗದದ ಮೇಲೆ ಲೆಕ್ಕ ಸರಳ. ಇಲ್ಲಿ ಎರಡು ವರ್ಷ, ಅಲ್ಲಿ ಎರಡು ವರ್ಷ. ಒಟ್ಟು ನಾಲ್ಕು ವರ್ಷಕ್ಕೆ ಬಿ.ಎಸ್. ಆದರೆ ವಾಸ್ತವದಲ್ಲಿ ಈ ಲೆಕ್ಕ ಅನೇಕರ ಪಾಲಿಗೆ ತಾಳೆಯಾಗುವುದಿಲ್ಲ. ಪದವಿ ಪ್ರಮಾಣಪತ್ರ ಕೈಯಲ್ಲಿದ್ದರೂ ಓದಿದ ಪಾಠಗಳು ವಿಶ್ವವಿದ್ಯಾಲಯದಲ್ಲಿ ಲೆಕ್ಕಕ್ಕೆ ಬಾರದೆ ಒಂದು ವರ್ಷ, ಕೆಲವೊಮ್ಮೆ ಎರಡು ವರ್ಷ ವ್ಯರ್ಥವಾಗುವುದುಂಟು. ವಿದ್ಯಾರ್ಥಿಯನ್ನು ಮುಂದಕ್ಕೆ ಒಯ್ಯುವುದು ಪದವಿಯ ಹೆಸರಲ್ಲ, ಅದರೊಳಗಿನ ಒಂದೊಂದು ಪಾಠ. ಆ ಪಾಠಗಳನ್ನು ಯಾವ ಕ್ರಮದಲ್ಲಿ ಓದಿದರು, ಅವನ್ನು ಮುಂದಿನ ವಿಶ್ವವಿದ್ಯಾಲಯ ತನ್ನ ಪಾಠಗಳಿಗೆ ಸಮ ಎಂದು ಒಪ್ಪಿದೆಯೇ ಎಂಬುದೇ ಇಲ್ಲಿ ನಿರ್ಣಾಯಕ.

ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆ. 116 ಕಮ್ಯೂನಿಟಿ ಕಾಲೇಜುಗಳಿರುವ, ಆ ದೇಶದಲ್ಲೇ ಅತಿ ದೊಡ್ಡ ವ್ಯವಸ್ಥೆಯನ್ನು ಹೊಂದಿರುವ ಕ್ಯಾಲಿಫೋರ್ನಿಯಾವನ್ನು ಮುಖ್ಯ ನಿದರ್ಶನವಾಗಿ ಇಟ್ಟುಕೊಂಡು ಈ ಪದವಿಯ ಸ್ವರೂಪವನ್ನು ಇಲ್ಲಿ ವಿವರಿಸಲಾಗಿದೆ. ಕನ್ನಡಿಗ ಕುಟುಂಬಗಳು ಗಣನೀಯ ಸಂಖ್ಯೆಯಲ್ಲಿ ನೆಲೆಸಿರುವ ಸಿಲಿಕಾನ್ ಕಣಿವೆಯೂ ಇದೇ ರಾಜ್ಯದಲ್ಲಿದೆ. ಕುಪರ್ಟಿನೋದ ಡಿ ಆಂಜಾ, ಫ್ರೀಮಾಂಟ್‌ನ ಓಲೋನಿ, ಸಾಂತಾ ಕ್ಲಾರಾದ ಮಿಷನ್ ಮುಂತಾದ ಕಾಲೇಜುಗಳು ಆ ಭಾಗದಲ್ಲಿ ಚಿರಪರಿಚಿತ.

ಶತಮಾನದ ಹಿನ್ನೆಲೆ

ಪದವಿ ಶಿಕ್ಷಣವನ್ನು ಎರಡು ಭಾಗ ಮಾಡುವ ಆಲೋಚನೆ ಹೊಸದೇನಲ್ಲ. ಷಿಕಾಗೊ ವಿಶ್ವವಿದ್ಯಾಲಯದ ಮೊದಲ ಅಧ್ಯಕ್ಷ ವಿಲಿಯಂ ರೈನಿ ಹಾರ್ಪರ್ 19ನೇ ಶತಮಾನದ ಕೊನೆಯಲ್ಲೇ ತಮ್ಮ ಸಂಸ್ಥೆಯ ಪದವಿ ವ್ಯಾಸಂಗವನ್ನು 'ಜೂನಿಯರ್' ಮತ್ತು 'ಸೀನಿಯರ್' ಎಂಬ ಎರಡು ಹಂತಗಳಾಗಿ ವಿಂಗಡಿಸಿದ್ದರು. ಮೊದಲ ಹಂತದ ಪಾಠಗಳನ್ನು ಊರೂರಿನ ಶಾಲೆಗಳೇ ಕಲಿಸಬಹುದು ಎಂಬುದು ಅವರ ನಿಲುವಾಗಿತ್ತು. ಇಲಿನಾಯ್ ರಾಜ್ಯದ ಜೋಲಿಯೆಟ್ ಪಟ್ಟಣದ ಹೈಸ್ಕೂಲು ಮುಖ್ಯಸ್ಥ ಜೆ. ಸ್ಟ್ಯಾನ್ಲಿ ಬ್ರೌನ್ ಅವರೊಡಗೂಡಿ 1901ರಲ್ಲಿ ಈ ಪ್ರಯೋಗ ಆರಂಭವಾಯಿತು. ಆರು ವಿದ್ಯಾರ್ಥಿಗಳೊಂದಿಗೆ ಶುರುವಾದ ಜೋಲಿಯೆಟ್ ಜೂನಿಯರ್ ಕಾಲೇಜು ಇಂದಿಗೂ ನಡೆಯುತ್ತಿದ್ದು, ಅಮೆರಿಕದ ಅತ್ಯಂತ ಹಳೆಯ ಸಾರ್ವಜನಿಕ ಕಮ್ಯೂನಿಟಿ ಕಾಲೇಜು ಎನಿಸಿಕೊಂಡಿದೆ.

ಕ್ಯಾಲಿಫೋರ್ನಿಯಾ 1907ರ ಕಾನೂನಿನ ಮೂಲಕ ಹೈಸ್ಕೂಲುಗಳಿಗೆ ಕಾಲೇಜು ಮಟ್ಟದ ಪಾಠ ಕಲಿಸಲು ಅವಕಾಶ ನೀಡಿತು. 1910ರಲ್ಲಿ ಫ್ರೆಸ್ನೊ ನಗರದಲ್ಲಿ ಮೊದಲ ಕಾಲೇಜು ತಲೆಯೆತ್ತಿತು. ಎರಡನೇ ಮಹಾಯುದ್ಧದ ಬಳಿಕ ಸೈನಿಕರ ಶಿಕ್ಷಣಕ್ಕೆ ನೆರವು ನೀಡಿದ 1944ರ ಕಾನೂನು ಹಾಗೂ ಅಧ್ಯಕ್ಷ ಟ್ರೂಮನ್ ನೇಮಿಸಿದ ಆಯೋಗದ 1947ರ ವರದಿ ದೇಶಾದ್ಯಂತ ಇಂತಹ ಕಾಲೇಜುಗಳ ಬೆಳವಣಿಗೆಗೆ ಇಂಬು ನೀಡಿದವು.

1960ರಲ್ಲಿ ಕ್ಯಾಲಿಫೋರ್ನಿಯಾ ಅಂಗೀಕರಿಸಿದ ಉನ್ನತ ಶಿಕ್ಷಣದ ಮಹಾಯೋಜನೆ ವರ್ಗಾವಣೆಗೆ ಗಟ್ಟಿ ಬುನಾದಿ ಹಾಕಿತು. ಹೈಸ್ಕೂಲಿನ ಅಗ್ರ ಎಂಟನೇ ಒಂದು ಭಾಗದ ವಿದ್ಯಾರ್ಥಿಗಳಿಗೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ (ಯುಸಿ), ಅಗ್ರ ಮೂರನೇ ಒಂದು ಭಾಗಕ್ಕೆ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ (ಸಿಎಸ್‌ಯು), ಕಲಿಯಬಯಸುವ ಎಲ್ಲರಿಗೂ ಕಮ್ಯೂನಿಟಿ ಕಾಲೇಜು ಎಂಬುದು ಅದರ ಸೂತ್ರ. ಆರಂಭದಲ್ಲಿ ಹಿಂದೆ ಬಿದ್ದವರಿಗೂ ಎರಡು ವರ್ಷದ ಬಳಿಕ ಮೇಲಿನ ಬಾಗಿಲು ತೆರೆದಿರಬೇಕು ಎಂಬುದು ಆ ಯೋಜನೆಯ ಭರವಸೆಯಾಗಿತ್ತು.

ಈ ದಾರಿಯಲ್ಲಿ ಸಾಗಿ ಹೆಸರು ಮಾಡಿದವರಿಗೆ ಕೊರತೆಯಿಲ್ಲ. 1984ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದ ಬ್ರೂಸ್ ಮೆರಿಫೀಲ್ಡ್ ಅವರು ಪ್ಯಾಸಡೀನಾ ಜೂನಿಯರ್ ಕಾಲೇಜಿನಲ್ಲಿ ಎರಡು ವರ್ಷ ಓದಿ ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯಕ್ಕೆ ವರ್ಗಾವಣೆಗೊಂಡವರು. ಮಾನವ ಜೀನೋಮ್ ಸಂಶೋಧನೆಯಿಂದ ಪ್ರಸಿದ್ಧರಾದ ಕ್ರೇಗ್ ವೆಂಟರ್ ಅವರು ಸ್ಯಾನ್ ಮಟೇವೊ ಕಾಲೇಜಿನಿಂದ ಸ್ಯಾನ್ ಡಿಯಾಗೊಗೆ ಹೋದವರು. ಬಾಹ್ಯಾಕಾಶ ನೌಕೆಯ ಮೊದಲ ಮಹಿಳಾ ಕಮಾಂಡರ್ ಐಲೀನ್ ಕಾಲಿನ್ಸ್ ಅವರು ನ್ಯೂಯಾರ್ಕ್ ರಾಜ್ಯದ ಕಾರ್ನಿಂಗ್ ಕಮ್ಯೂನಿಟಿ ಕಾಲೇಜಿನಿಂದ 1976ರಲ್ಲಿ ಇದೇ ಎರಡು ವರ್ಷದ ವಿಜ್ಞಾನ ಪದವಿ ಪಡೆದು, ಸಿರಾಕ್ಯೂಸ್ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ ಮುಂದುವರಿಸಿದ್ದರು.

ಪದವಿಯೊಳಗೆ ಏನಿದೆ?

ಎ.ಎಸ್. ಪದವಿಗೆ ಸಾಮಾನ್ಯವಾಗಿ 60 ಸೆಮಿಸ್ಟರ್ ಯೂನಿಟ್‌ಗಳು ಬೇಕು. ವರ್ಷವನ್ನು ಸೆಮಿಸ್ಟರ್‌ಗಳ ಬದಲು ಕ್ವಾರ್ಟರ್‌ಗಳಾಗಿ ಭಾಗಿಸಿಕೊಂಡಿರುವ ಕಾಲೇಜುಗಳಲ್ಲಿ ಇದು 90 ಯೂನಿಟ್. ಡಿ ಆಂಜಾ ಕಾಲೇಜು ಈ ಎರಡನೇ ಗುಂಪಿಗೆ ಸೇರಿದೆ. ಪಠ್ಯವನ್ನು ಸ್ಥೂಲವಾಗಿ ಎರಡು ಪಾಲು ಮಾಡಬಹುದು.

ಮೊದಲನೆಯದು ಸಾಮಾನ್ಯ ಶಿಕ್ಷಣ. ವಿಜ್ಞಾನ ವಿದ್ಯಾರ್ಥಿಯೂ ಇಂಗ್ಲಿಷ್ ಬರವಣಿಗೆ, ವಿಮರ್ಶಾತ್ಮಕ ಚಿಂತನೆ, ಭಾಷಣ ಕಲೆ, ಕಲೆ ಮತ್ತು ಮಾನವಿಕ, ಸಮಾಜ ವಿಜ್ಞಾನ, ಜನಾಂಗೀಯ ಅಧ್ಯಯನ ಮೊದಲಾದವನ್ನು ಓದಲೇಬೇಕು. ಹಿಂದೆ ಯುಸಿ ಮತ್ತು ಸಿಎಸ್‌ಯುಗಳಿಗೆ ಬೇರೆ ಬೇರೆ ಸಾಮಾನ್ಯ ಶಿಕ್ಷಣ ಪಟ್ಟಿಗಳಿದ್ದವು. ಒಂದನ್ನು ನಂಬಿ ಓದಿದವರು ಇನ್ನೊಂದಕ್ಕೆ ಅರ್ಜಿ ಹಾಕುವಾಗ ತೊಡಕಿಗೆ ಸಿಲುಕುತ್ತಿದ್ದರು. 2021ರ ಕಾನೂನಿನ ಅನ್ವಯ 2025ರ ಶೈಕ್ಷಣಿಕ ವರ್ಷದಿಂದ ಹೊಸದಾಗಿ ಸೇರುವವರಿಗೆ 'ಕ್ಯಾಲ್-ಜೆಟ್‌ಸಿ' ಎಂಬ ಒಂದೇ ಪಟ್ಟಿ ಜಾರಿಗೆ ಬಂದಿದೆ. ಇದರ ಒಟ್ಟು ತೂಕ 34 ಯೂನಿಟ್.

ಎರಡನೆಯದು ಆಯ್ದ ವಿಜ್ಞಾನ ವಿಷಯದ ತಳಹದಿ ಪಾಠಗಳು. ಭೌತಶಾಸ್ತ್ರ ಬಯಸುವವರು ಕಲನಶಾಸ್ತ್ರದ ಮೂರು ಹಾಗೂ ಕಲನಾಧಾರಿತ ಭೌತಶಾಸ್ತ್ರದ ಮೂರು ಪಾಠಗಳನ್ನು ಮುಗಿಸಬೇಕು. ರಸಾಯನಶಾಸ್ತ್ರಕ್ಕೆ ಸಾಮಾನ್ಯ ಹಾಗೂ ಸಾವಯವ ರಸಾಯನಶಾಸ್ತ್ರ ತಲಾ ಒಂದು ವರ್ಷ, ಜೊತೆಗೆ ಕಲನಶಾಸ್ತ್ರ ಮತ್ತು ಭೌತಶಾಸ್ತ್ರ. ಜೀವಶಾಸ್ತ್ರದವರಿಗೂ ರಸಾಯನಶಾಸ್ತ್ರ, ಗಣಿತ, ಭೌತಶಾಸ್ತ್ರ ತಪ್ಪಿದ್ದಲ್ಲ. ಪ್ರಯೋಗಾಲಯವಿರುವ ಈ ಪಾಠಗಳು ಪ್ರತಿಯೊಂದೂ ಸುಮಾರು 4ರಿಂದ 5 ಯೂನಿಟ್ ತೂಗುತ್ತವೆ.

ಎರಡೂ ಪಾಲು ಸೇರಿಸಿದರೆ ಇಕ್ಕಟ್ಟು ಕಣ್ಣಿಗೆ ಬೀಳುತ್ತದೆ. ರಸಾಯನಶಾಸ್ತ್ರದ ತಳಹದಿ ಪಾಠಗಳೇ ಸುಮಾರು 36ರಿಂದ 40 ಯೂನಿಟ್ ಆಗುತ್ತವೆ. ಗಣಿತ, ವಿಜ್ಞಾನದ ಕೆಲವು ಪಾಠಗಳು ಎರಡೂ ಕಡೆ ಲೆಕ್ಕಕ್ಕೆ ಬಂದರೂ ಮೊತ್ತ 60ರ ಗಡಿ ದಾಟುತ್ತದೆ. ಈ ಕಾರಣದಿಂದಲೇ 2021ರ ಕಾನೂನು ಹೆಚ್ಚು ಯೂನಿಟ್ ಬೇಡುವ ವಿಜ್ಞಾನ, ತಂತ್ರಜ್ಞಾನ ವಿಷಯಗಳಿಗೆ ಷರತ್ತಿನ ಮೇಲೆ 6 ಯೂನಿಟ್‌ಗಳವರೆಗೆ ಹೆಚ್ಚುವರಿ ಅವಕಾಶ ಕಲ್ಪಿಸಿದೆ.

ಸರಪಳಿಯ ಮೊದಲ ಕೊಂಡಿ

ವಿಜ್ಞಾನ ಪದವಿಯು ಇತರ ಎರಡು ವರ್ಷದ ಪದವಿಗಳಿಗಿಂತ ಭಿನ್ನವಾಗುವುದು ಪಾಠಗಳ ಅನುಕ್ರಮದಲ್ಲಿ. ಇತಿಹಾಸ, ಸಮಾಜಶಾಸ್ತ್ರಗಳ ಪಾಠಗಳನ್ನು ಹಿಂದುಮುಂದಾಗಿ ಓದಬಹುದು. ವಿಜ್ಞಾನದಲ್ಲಿ ಒಂದು ಮುಗಿಯದೆ ಇನ್ನೊಂದಕ್ಕೆ ಪ್ರವೇಶವಿಲ್ಲ. ಭೌತಶಾಸ್ತ್ರದ ನಾಲ್ಕು ಸೆಮಿಸ್ಟರ್‌ಗಳ ಸಾಮಾನ್ಯ ಕ್ರಮ ಹೀಗಿರುತ್ತದೆ:

* ಮೊದಲ ಸೆಮಿಸ್ಟರ್: ಕಲನಶಾಸ್ತ್ರದ ಮೊದಲ ಭಾಗ.
* ಎರಡನೇ ಸೆಮಿಸ್ಟರ್: ಕಲನಶಾಸ್ತ್ರದ ಎರಡನೇ ಭಾಗ, ಭೌತಶಾಸ್ತ್ರದಲ್ಲಿ ಚಲನೆ ಮತ್ತು ಬಲ.
* ಮೂರನೇ ಸೆಮಿಸ್ಟರ್: ಬಹುಚರ ಕಲನಶಾಸ್ತ್ರ; ವಿದ್ಯುತ್ ಮತ್ತು ಕಾಂತತೆ.
* ನಾಲ್ಕನೇ ಸೆಮಿಸ್ಟರ್: ಭೌತಶಾಸ್ತ್ರದ ಮೂರನೇ ಭಾಗವಾದ ಅಲೆ, ಬೆಳಕು, ಆಧುನಿಕ ಭೌತಶಾಸ್ತ್ರ.

ಉಳಿದ ಜಾಗವನ್ನು ಸಾಮಾನ್ಯ ಶಿಕ್ಷಣದ ಪಾಠಗಳು ತುಂಬುತ್ತವೆ. ಈ ಕ್ರಮದಲ್ಲಿ ಒಂದು ಸೆಮಿಸ್ಟರ್‌ನಷ್ಟೂ ಬಿಡುವಿಲ್ಲ. ಮೊದಲ ದಿನವೇ ಕಲನಶಾಸ್ತ್ರದ ತರಗತಿಯಲ್ಲಿ ಕೂರಲು ಸಿದ್ಧರಿರುವವರಿಗಷ್ಟೇ ಎರಡು ವರ್ಷದ ಪದವಿ ಎರಡು ವರ್ಷದಲ್ಲಿ ಮುಗಿಯುತ್ತದೆ. ಅದಕ್ಕೆ ಮುಂಚಿನ ಬೀಜಗಣಿತ, ತ್ರಿಕೋನಮಿತಿಯ ಪಾಠದಿಂದ ಆರಂಭಿಸಿದವರಿಗೆ ಕನಿಷ್ಠ ಒಂದು ಸೆಮಿಸ್ಟರ್ ಹೆಚ್ಚು ಬೇಕು. ಸಣ್ಣ ಕಾಲೇಜುಗಳಲ್ಲಿ ಮೇಲ್ಮಟ್ಟದ ಭೌತಶಾಸ್ತ್ರ ಅಥವಾ ಸಾವಯವ ರಸಾಯನಶಾಸ್ತ್ರದ ತರಗತಿ ವರ್ಷಕ್ಕೊಮ್ಮೆ ಮಾತ್ರ ನಡೆಯುವುದರಿಂದ, ಒಂದು ಪಾಠದಲ್ಲಿ ಅನುತ್ತೀರ್ಣರಾದವರು ಇಡೀ ವರ್ಷ ಕಾಯಬೇಕಾಗುತ್ತದೆ.

ಗಣಿತದ ಈ ಮೊದಲ ಕೊಂಡಿಯ ಬಗ್ಗೆ ಕ್ಯಾಲಿಫೋರ್ನಿಯಾದಲ್ಲಿ ದೀರ್ಘ ಚರ್ಚೆಯೇ ನಡೆದಿದೆ. ಹಿಂದೆ ಪ್ರವೇಶ ಪರೀಕ್ಷೆಯೊಂದರ ಆಧಾರದ ಮೇಲೆ ವಿದ್ಯಾರ್ಥಿಗಳನ್ನು ಹೈಸ್ಕೂಲು ಮಟ್ಟದ ಗಣಿತ ತರಗತಿಗಳಿಗೆ ಹಾಕಲಾಗುತ್ತಿತ್ತು. ಕ್ರೆಡಿಟ್ ವರ್ಗಾವಣೆಯಾಗದ ಆ ತರಗತಿಗಳಲ್ಲೇ ಅನೇಕರ ಓದು ನಿಂತುಹೋಗುತ್ತಿತ್ತು. 2017ರ ಕಾನೂನು ಇದಕ್ಕೆ ಕಡಿವಾಣ ಹಾಕಿತು. 2022ರ ಮತ್ತೊಂದು ಕಾನೂನಿನ ಪ್ರಕಾರ 2025ರಿಂದ ವಿಜ್ಞಾನ, ಎಂಜಿನಿಯರಿಂಗ್ ಆಕಾಂಕ್ಷಿಗಳನ್ನು ಆದಷ್ಟು ನೇರವಾಗಿ ಕಲನಶಾಸ್ತ್ರಕ್ಕೇ ಸೇರಿಸಿಕೊಳ್ಳಬೇಕಿದೆ. ಸಮಯ ಉಳಿಯುತ್ತದೆ ಎಂಬುದು ಇದರ ಸಮರ್ಥಕರ ವಾದ. ತಕ್ಕ ಸಿದ್ಧತೆಯಿಲ್ಲದವರು ಮೊದಲ ಹೆಜ್ಜೆಯಲ್ಲೇ ಮುಗ್ಗರಿಸುತ್ತಾರೆ ಎಂಬುದು ಹಲವು ಗಣಿತ ಅಧ್ಯಾಪಕರ ಆಕ್ಷೇಪ.

ವರ್ಗಾವಣೆಯ ಭರವಸೆ ಮತ್ತು ಅದರ ಮಿತಿ

2010ರಲ್ಲಿ ಕ್ಯಾಲಿಫೋರ್ನಿಯಾ ಶಾಸನಸಭೆ 'ವರ್ಗಾವಣೆಗಾಗಿ ಅಸೋಸಿಯೇಟ್ ಪದವಿ' ಎಂಬ ವಿಶೇಷ ಪದವಿಯನ್ನು ರೂಪಿಸಿತು. ಆಗ ರಾಜ್ಯ ಸೆನೆಟ್ ಸದಸ್ಯರಾಗಿದ್ದ ಅಲೆಕ್ಸ್ ಪಡಿಯಾ ಈ ಮಸೂದೆಯ ರೂವಾರಿ. ಕನಿಷ್ಠ 2.0 ಸರಾಸರಿ ಗ್ರೇಡ್‌ನೊಂದಿಗೆ ಇದನ್ನು ಮುಗಿಸಿದವರಿಗೆ ಸಿಎಸ್‌ಯು ವ್ಯವಸ್ಥೆಯಲ್ಲಿ ಮೂರನೇ ವರ್ಷಕ್ಕೆ ಪ್ರವೇಶ ಖಾತರಿ. ವಿಷಯ ಹೊಂದಿಕೆಯಾಗುವ ಪದವಿಗೆ ಸೇರಿದಲ್ಲಿ ಉಳಿದ 60 ಯೂನಿಟ್‌ಗಳಲ್ಲಿ ಬಿ.ಎಸ್. ಮುಗಿಸುವ ಅವಕಾಶವಿದ್ದು, ಓದಿದ್ದನ್ನೇ ಮತ್ತೆ ಓದುವಂತೆ ಒತ್ತಾಯಿಸುವಂತಿಲ್ಲ.

ಆದರೆ ಈ ಖಾತರಿ ಸಿಎಸ್‌ಯು ವ್ಯವಸ್ಥೆಗೆ ಸಂಬಂಧಿಸಿದ್ದೇ ಹೊರತು ನಿರ್ದಿಷ್ಟ ಕ್ಯಾಂಪಸ್‌ಗಲ್ಲ. ಬೇಡಿಕೆ ಹೆಚ್ಚಿರುವ ಕ್ಯಾಂಪಸ್‌ಗಳಲ್ಲಿ, ಕಂಪ್ಯೂಟರ್ ವಿಜ್ಞಾನದಂತಹ ವಿಷಯಗಳಲ್ಲಿ ಪೈಪೋಟಿ ಇದ್ದೇ ಇರುತ್ತದೆ. ಮನೆಗೆ ಹತ್ತಿರದ ವಿಶ್ವವಿದ್ಯಾಲಯವನ್ನಷ್ಟೇ ನೆಚ್ಚಿಕೊಂಡವರಿಗೆ ನೂರಾರು ಕಿಲೋಮೀಟರ್ ದೂರದ ಕ್ಯಾಂಪಸ್‌ನಲ್ಲಿ ಸೀಟು ದೊರೆಯಬಹುದು. ಕೆಲಸ ಮಾಡುತ್ತ ಓದುವವರಿಗೆ ಅಂತಹ ಸೀಟು ಇದ್ದೂ ಇಲ್ಲದಂತೆ.

ಯುಸಿಯ ನಿಯಮ ಬೇರೆ. ಅದರ ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂತಾ ಬಾರ್ಬರಾ, ಸಾಂತಾ ಕ್ರೂಜ್ ಎಂಬ ಆರು ಕ್ಯಾಂಪಸ್‌ಗಳು 'ಟ್ಯಾಗ್' ಎಂಬ ಪ್ರವೇಶ ಖಾತರಿ ನೀಡುತ್ತವೆ. ವಿದ್ಯಾರ್ಥಿಯು ಇವುಗಳಲ್ಲಿ ಒಂದನ್ನು ಮಾತ್ರ ಆಯ್ದುಕೊಂಡು ಸೆಪ್ಟೆಂಬರ್‌ನಲ್ಲಿ ಅರ್ಜಿ ಹಾಕಬೇಕು. ಎಲ್ಲ ವಿಷಯಗಳಿಗೂ ಈ ಸೌಲಭ್ಯವಿಲ್ಲ. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೊ ಕ್ಯಾಂಪಸ್‌ಗಳು ಟ್ಯಾಗ್ ವ್ಯಾಪ್ತಿಯ ಹೊರಗಿವೆ. ಅಲ್ಲಿ ಪದವಿ ಪ್ರಮಾಣಪತ್ರಕ್ಕಿಂತ ಆಯಾ ವಿಭಾಗ ಕೇಳಿದ ನಿರ್ದಿಷ್ಟ ಪಾಠಗಳು ಮತ್ತು ಅವುಗಳಲ್ಲಿನ ಗ್ರೇಡ್ ಮುಖ್ಯ. ಎ.ಎಸ್. ಪದವಿಯನ್ನೇ ಪಡೆಯದೆ, ಅಗತ್ಯ ಪಾಠಗಳನ್ನಷ್ಟೇ ಮುಗಿಸಿ ವರ್ಗಾವಣೆಗೊಳ್ಳುವವರೂ ಇದ್ದಾರೆ.

ಯಾವ ಕಾಲೇಜಿನ ಯಾವ ಪಾಠ ಯಾವ ವಿಶ್ವವಿದ್ಯಾಲಯದ ಯಾವ ಪಾಠಕ್ಕೆ ಸಮ ಎಂಬುದನ್ನು ತಿಳಿಯಲು ರಾಜ್ಯದಲ್ಲಿ 'ಅಸಿಸ್ಟ್' ಎಂಬ ಅಧಿಕೃತ ಮಾಹಿತಿ ಕೋಶವಿದೆ. ಒಂದೇ ಪಾಠಕ್ಕೆ ಕಾಲೇಜಿಗೊಂದು ಸಂಖ್ಯೆ ಇರುವ ಗೊಂದಲ ನಿವಾರಿಸಲು 2021ರ ಮತ್ತೊಂದು ಕಾನೂನಿನಡಿ ಸಮಾನ ಪಾಠ ಸಂಖ್ಯೆಗಳನ್ನು ಹಂತ ಹಂತವಾಗಿ ಜಾರಿಗೆ ತರಲಾಗುತ್ತಿದೆ.

ಹೆಸರಿನ ಗೊಂದಲ

ಒಂದೇ ಹೆಸರಿನ ಪದವಿಗೆ ಎಲ್ಲೆಡೆ ಒಂದೇ ಅರ್ಥವಿಲ್ಲ. ವಾಷಿಂಗ್ಟನ್ ರಾಜ್ಯದಲ್ಲಿ ವರ್ಗಾವಣೆಗೆಂದೇ ಇರುವ ವಿಜ್ಞಾನ ಪದವಿಗೆ ಎರಡು ಕವಲುಗಳಿವೆ: ಒಂದು ಜೀವಶಾಸ್ತ್ರ, ರಸಾಯನಶಾಸ್ತ್ರದಂತಹ ವಿಷಯಗಳಿಗೆ, ಇನ್ನೊಂದು ಎಂಜಿನಿಯರಿಂಗ್, ಭೌತಶಾಸ್ತ್ರ, ಕಂಪ್ಯೂಟರ್ ವಿಜ್ಞಾನಕ್ಕೆ. ಫ್ಲಾರಿಡಾದಲ್ಲಿ ಪರಿಸ್ಥಿತಿ ತಿರುವುಮುರುವು. ಅಲ್ಲಿ ವರ್ಗಾವಣೆಯ ಮುಖ್ಯ ಪದವಿ 'ಅಸೋಸಿಯೇಟ್ ಆಫ್ ಆರ್ಟ್ಸ್'. ವಿಜ್ಞಾನದ ವಿದ್ಯಾರ್ಥಿಯೂ ಅದನ್ನೇ ಆಯ್ದುಕೊಳ್ಳಬೇಕು. ಎ.ಎಸ್. ಪದವಿ ಅಲ್ಲಿ ಬಹುಪಾಲು ಉದ್ಯೋಗಕ್ಕೆ ಸಿದ್ಧಗೊಳಿಸುವಂಥದು. 'ಅಸೋಸಿಯೇಟ್ ಆಫ್ ಅಪ್ಲೈಡ್ ಸೈನ್ಸ್' ಎಂಬ ಮತ್ತೊಂದು ಪದವಿಯೂ ಮುಖ್ಯವಾಗಿ ನೌಕರಿಗೆ ಸಂಬಂಧಿಸಿದ್ದು, ಅದರ ಪಾಠಗಳೆಲ್ಲವೂ ವಿಶ್ವವಿದ್ಯಾಲಯದಲ್ಲಿ ಸಲ್ಲುವುದಿಲ್ಲ.

ಪಾಠಗಳು ಸಲ್ಲದಿದ್ದರೆ ಆಗುವ ನಷ್ಟ ಸಣ್ಣದಲ್ಲ. ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ವರದಿಯಂತೆ, 2004ರಿಂದ 2009ರ ಅವಧಿಯಲ್ಲಿ ಒಂದು ಸಂಸ್ಥೆಯಿಂದ ಇನ್ನೊಂದಕ್ಕೆ ವರ್ಗಾವಣೆಗೊಂಡ ವಿದ್ಯಾರ್ಥಿಗಳು ಸರಾಸರಿ ಶೇ 43ರಷ್ಟು ಕ್ರೆಡಿಟ್ ಕಳೆದುಕೊಂಡಿದ್ದರು. ಕೊಲಂಬಿಯಾ ವಿಶ್ವವಿದ್ಯಾಲಯದ ಕಮ್ಯೂನಿಟಿ ಕಾಲೇಜು ಸಂಶೋಧನಾ ಕೇಂದ್ರವು ಇತರ ಸಂಸ್ಥೆಗಳೊಡನೆ 2024ರಲ್ಲಿ ಹೊರತಂದ ವರದಿಯಂತೂ ಇನ್ನಷ್ಟು ಕಳವಳಕಾರಿ. ಕಮ್ಯೂನಿಟಿ ಕಾಲೇಜಿಗೆ ಸೇರಿದವರಲ್ಲಿ ನಾಲ್ಕು ವರ್ಷದ ಸಂಸ್ಥೆಗೆ ತಲುಪುವವರು ಸುಮಾರು ಮೂರನೇ ಒಂದು ಭಾಗ. ಆರು ವರ್ಷಗಳಲ್ಲಿ ಪೂರ್ಣ ಪದವಿ ಪಡೆಯುವವರು ಶೇ 16ರಷ್ಟು ಮಾತ್ರ.

ಖರ್ಚಿನ ಲೆಕ್ಕ

ಇಷ್ಟೆಲ್ಲ ತೊಡಕಿದ್ದರೂ ಈ ದಾರಿ ಜನಪ್ರಿಯವಾಗಿರಲು ಮುಖ್ಯ ಕಾರಣ ಹಣ. ಕ್ಯಾಲಿಫೋರ್ನಿಯಾದ ನಿವಾಸಿಗಳಿಗೆ ಕಮ್ಯೂನಿಟಿ ಕಾಲೇಜಿನ ಶುಲ್ಕ 2012ರಿಂದ ಯೂನಿಟ್‌ಗೆ 46 ಡಾಲರ್. ವರ್ಷಕ್ಕೆ 30 ಯೂನಿಟ್‌ನಂತೆ ಲೆಕ್ಕ ಹಾಕಿದರೆ 1,380 ಡಾಲರ್. ಇಡೀ ಪದವಿಗೆ 2,760 ಡಾಲರ್. ಸಿಎಸ್‌ಯುನಲ್ಲಿ 2025-26ನೇ ಸಾಲಿನ ಬೋಧನಾ ಶುಲ್ಕವೇ ವರ್ಷಕ್ಕೆ 6,450 ಡಾಲರ್. ಕ್ಯಾಂಪಸ್‌ನ ಇತರ ಶುಲ್ಕ ಪ್ರತ್ಯೇಕ. ಮನೆಯಲ್ಲೇ ಇದ್ದು ಓದುವುದರಿಂದ ವಸತಿ ವೆಚ್ಚವೂ ಉಳಿಯುತ್ತದೆ. ಆದರೆ ಎರಡು ವರ್ಷ ನಾಲ್ಕಾದರೆ ಈ ಉಳಿತಾಯದ ದೊಡ್ಡ ಪಾಲು ಕರಗಿಹೋಗುತ್ತದೆ. ಹಾಗೆಂದು ಹೆಚ್ಚು ಪಾಠ ಓದಿದಷ್ಟೂ ಲಾಭ ಎಂದೂ ಇಲ್ಲ. ಕಮ್ಯೂನಿಟಿ ಕಾಲೇಜಿನಿಂದ ವಿಶ್ವವಿದ್ಯಾಲಯಗಳು ಒಪ್ಪುವ ಗರಿಷ್ಠ ಮಿತಿ 70 ಸೆಮಿಸ್ಟರ್ ಯೂನಿಟ್.

ಕರ್ನಾಟಕದಿಂದ ಹೋಗುವವರಿಗೆ

ಪಿಯುಸಿ ಮುಗಿಸಿ ಎಫ್-1 ವೀಸಾದ ಮೇಲೆ ಈ ಕಾಲೇಜುಗಳಿಗೆ ಸೇರಲು ಅವಕಾಶವಿದೆ. ಆದರೆ 46 ಡಾಲರ್‌ನ ದರ ಅವರಿಗೆ ಅನ್ವಯಿಸದು. ಹೊರದೇಶದ ವಿದ್ಯಾರ್ಥಿಗಳಿಗೆ ಶುಲ್ಕ ಅದರ ಹಲವು ಪಟ್ಟು. ವರ್ಗಾವಣೆಯ ನಂತರ ವಿಶ್ವವಿದ್ಯಾಲಯದಲ್ಲೂ ಅನಿವಾಸಿ ದರವನ್ನೇ ತೆರಬೇಕಿರುವುದರಿಂದ, ಮೊದಲ ಎರಡು ವರ್ಷದ ಖರ್ಚನ್ನಷ್ಟೇ ನೋಡಿ ನಿರ್ಧಾರ ಕೈಗೊಳ್ಳುವುದು ಅಪಾಯಕಾರಿ. ವೀಸಾ ನಿಯಮದಂತೆ ಪ್ರತಿ ಸೆಮಿಸ್ಟರ್‌ನಲ್ಲಿ ಸಾಮಾನ್ಯವಾಗಿ ಕನಿಷ್ಠ 12 ಯೂನಿಟ್ ಓದಬೇಕು. ಕೈಲಾದಷ್ಟು ಓದುತ್ತ ನಿಧಾನವಾಗಿ ಸಾಗುವ ಸ್ಥಳೀಯರ ಸ್ವಾತಂತ್ರ್ಯ ಇವರಿಗಿಲ್ಲ. ವ್ಯಾಸಂಗಾನಂತರದ ಉದ್ಯೋಗ ತರಬೇತಿಯಲ್ಲಿ ವಿಜ್ಞಾನ ಪದವೀಧರರಿಗೆ ದೊರೆಯುವ ಹೆಚ್ಚುವರಿ ಅವಧಿಯೂ ಅಸೋಸಿಯೇಟ್ ಪದವಿಗೆ ಲಭ್ಯವಿಲ್ಲ. ಅದಕ್ಕೆ ಕನಿಷ್ಠ ಬಿ.ಎಸ್. ಬೇಕು.

ಎರಡು ವರ್ಷಕ್ಕೆ ಓದು ನಿಲ್ಲಿಸಿ ಮರಳಿದವರು ಈ ಪದವಿಯನ್ನು ನಮ್ಮ ಮೂರು ವರ್ಷದ ಬಿ.ಎಸ್ಸಿ.ಗೆ ಸಮ ಎಂದು ಭಾವಿಸುವಂತಿಲ್ಲ. ಇದು ಸ್ವಭಾವತಃ ಅರ್ಧ ದಾರಿಯ ಪದವಿ.

ನಮ್ಮಲ್ಲಿ ಇದಕ್ಕೆ ಹತ್ತಿರದ ಹೋಲಿಕೆ ಎಂದರೆ ಪಾಲಿಟೆಕ್ನಿಕ್ ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಪರೀಕ್ಷೆ ಬರೆದು ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ಪ್ರವೇಶ ಪಡೆಯುವ ಕ್ರಮ. ಸಾಮಾನ್ಯ ಪದವಿಯಲ್ಲಿ ಎರಡು ವರ್ಷಕ್ಕೆ ಡಿಪ್ಲೊಮಾ ಪಡೆದು ಹೊರಬರುವ ಅವಕಾಶವನ್ನು ರಾಷ್ಟ್ರೀಯ ಶಿಕ್ಷಣ ನೀತಿ ಕಲ್ಪಿಸಿತ್ತು. 2021-22ರಲ್ಲಿ ಅದನ್ನು ಅಳವಡಿಸಿಕೊಂಡ ಕರ್ನಾಟಕವು 2024-25ರಿಂದ ಮೂರು ವರ್ಷದ ಪದವಿಗೆ ಮರಳಿದೆ. ಕ್ರೆಡಿಟ್‌ಗಳನ್ನು ಕೂಡಿಡುವ ಅಕಾಡೆಮಿಕ್ ಬ್ಯಾಂಕ್ ವ್ಯವಸ್ಥೆ ದೇಶದಲ್ಲಿ 2021ರಿಂದ ಇದೆ. ಆದರೆ ಕ್ರೆಡಿಟ್ ಖಾತೆಯಲ್ಲಿರುವುದು ಬೇರೆ, ಮುಂದಿನ ಸಂಸ್ಥೆ ಅದನ್ನು ತನ್ನ ಪಾಠಕ್ಕೆ ಸಮ ಎಂದು ಒಪ್ಪುವುದು ಬೇರೆ ಎಂಬುದು ಕ್ಯಾಲಿಫೋರ್ನಿಯಾದ ಅನುಭವ.

ಸೇರುವ ಮುನ್ನ ಗಮನಿಸಬೇಕಾದ್ದು

* ಮೊದಲು ಗುರಿಯ ವಿಶ್ವವಿದ್ಯಾಲಯ ಹಾಗೂ ವಿಷಯವನ್ನು ನಿರ್ಧರಿಸಿ, ಅಲ್ಲಿಂದ ಹಿಂದಕ್ಕೆ ಪಾಠಗಳ ಪಟ್ಟಿ ಮಾಡಿಕೊಳ್ಳುವುದು ಸೂಕ್ತ.
* ಆಯಾ ರಾಜ್ಯದಲ್ಲಿ ವರ್ಗಾವಣೆಗೆ ಸಲ್ಲುವ ಪದವಿ ಯಾವುದು ಎಂಬುದನ್ನು ಹೆಸರಿನಿಂದಲ್ಲ, ನಿಯಮದಿಂದ ಖಚಿತಪಡಿಸಿಕೊಳ್ಳಬೇಕು.
* ಕಲನಶಾಸ್ತ್ರವನ್ನು ಮೊದಲ ಸೆಮಿಸ್ಟರ್‌ನಲ್ಲೇ ಆರಂಭಿಸುವ ಸಿದ್ಧತೆ ಇದೆಯೇ ಎಂದು ಪರಿಶೀಲಿಸಬೇಕು. ಇಲ್ಲದಿದ್ದಲ್ಲಿ ಎರಡೂವರೆ ಅಥವಾ ಮೂರು ವರ್ಷಕ್ಕೆ ಲೆಕ್ಕ ಹಾಕಿಕೊಳ್ಳಬೇಕು.
* ಭೌತಶಾಸ್ತ್ರ, ರಸಾಯನಶಾಸ್ತ್ರದ ಪಾಠಮಾಲೆಯನ್ನು ನಡುವೆ ಬಿಟ್ಟು ವರ್ಗಾವಣೆಗೊಂಡರೆ, ಮುಖ್ಯವಾಗಿ ಕ್ವಾರ್ಟರ್ ಪದ್ಧತಿಯಿಂದ ಸೆಮಿಸ್ಟರ್ ಪದ್ಧತಿಗೆ ಹೋಗುವವರಿಗೆ, ಅರ್ಧ ಓದಿದ ಪಾಠ ಲೆಕ್ಕಕ್ಕೆ ಸಿಗದೇ ಹೋಗಬಹುದು. ಒಂದೇ ಕಾಲೇಜಿನಲ್ಲಿ ಮಾಲೆಯನ್ನು ಪೂರ್ಣಗೊಳಿಸುವುದು ಕ್ಷೇಮ.
* ಪ್ರತಿ ಸೆಮಿಸ್ಟರ್ ಪಾಠ ಆಯ್ಕೆಗೆ ಮುನ್ನ ಕಾಲೇಜಿನ ವರ್ಗಾವಣೆ ಸಲಹೆಗಾರರನ್ನು ಕಾಣಬೇಕು. ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ.

ಅಗ್ಗದ ಶುಲ್ಕ, ಸಣ್ಣ ತರಗತಿ, ಎರಡನೇ ಅವಕಾಶ ಇವು ಎರಡು ವರ್ಷದ ವಿಜ್ಞಾನ ಪದವಿಯ ನಿಜವಾದ ಬಲಗಳು. ಅವುಗಳ ಪ್ರಯೋಜನ ದೊರೆಯುವುದು ಎರಡು ವರ್ಷದ ನಂತರ ಎಲ್ಲಿಗೆ ಹೋಗಬೇಕೆಂಬುದನ್ನು ಮೊದಲ ತಿಂಗಳಲ್ಲೇ ತಿಳಿದುಕೊಂಡವರಿಗೆ.